ಇಪ್ಪತ್ತೆಂಟು ಗೆರೆಗಳ ಏರು

ಮುಂಬಯಿಯಿಂದ ಪುಣೆಗೆ ಬರುವ ನಮ್ಮಲ್ಲಿ ಹೆಚ್ಚಿನವರಿಗೆ ಬೋರ್ ಘಾಟ್ ಎಂದರೆ ವಾರಾಂತ್ಯದ ಟ್ರಾಫಿಕ್ ಜಾಮು, ಸುರಂಗದಲ್ಲಿ ಕಡಿದುಹೋಗುವ ಫೋನು, ಮಳೆಗಾಲವಾದರೆ ಕಿಟಕಿಯಾಚೆ ಒಂದಿಷ್ಟು ಜಲಪಾತ, ಅಷ್ಟೇ. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ಒಂದು ಬೆಟ್ಟ ಹತ್ತುತ್ತಿದ್ದೇವೆ ಎನ್ನುವುದೇ ಕಾರಿನೊಳಗೆ ಕೂತವರಿಗೆ ತಿಳಿಯುವುದಿಲ್ಲ. ಈಗಿನ ಎಂಜಿನ್ನುಗಳಿಗೂ ಅದೊಂದು ದೊಡ್ಡ ವಿಷಯವಲ್ಲ.

ಆದರೆ ಈ ಏರನ್ನು ಓದಿ ತಿಳಿದುಕೊಂಡವರು ಎರಡು ಸಾವಿರ ವರ್ಷಗಳಿಂದ ಇದ್ದಾರೆ. ಕೆಲವರು ಕಾಲಿನಿಂದ ಓದಿದರು, ಕೆಲವರು ಕಾಗದದ ಮೇಲೆ ಗೆರೆ ಎಳೆದು ಓದಿದರು, ಇನ್ನು ಕೆಲವರು ಕುದಿಯುವ ರೇಡಿಯೇಟರಿನ ಮುಂದೆ ನಿಂತು ಓದಿದರು. ಇವರಲ್ಲಿ ಗೆರೆ ಎಳೆದವರ ಹೆಸರು ಮಾತ್ರ ಇತಿಹಾಸದಲ್ಲಿ ಉಳಿದಿದೆ. ಉಳಿದಿಬ್ಬರ ಬಗ್ಗೆಯೂ ಬರೆದಿಡಬೇಕು ಎನ್ನಿಸಿದ್ದು ಒಂದು ಹಳೆಯ ಪ್ರೀಮಿಯರ್ ಪದ್ಮಿನಿಯ ರಿಪೇರಿಯಿಂದ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೆಟ್ಟದ ಕತೆ.

ಘಾಟಿ ಹತ್ತಿ ಲೋನಾವಳ ದಾಟಿದರೆ ಕಾರ್ಲಾ ಗುಹೆಗಳು ಸಿಗುತ್ತವೆ. ಬೌದ್ಧರ ಆ ದೊಡ್ಡ ಚೈತ್ಯ ಅಲ್ಲಿರುವುದು ಆಕಸ್ಮಿಕವಲ್ಲ. ಕೊಂಕಣದ ಬಂದರುಗಳಿಂದ ದಖನ್ನಿನ ಊರುಗಳಿಗೆ ಸರಕು ಸಾಗುತ್ತಿದ್ದ ದಾರಿಯ ನೆತ್ತಿಯಲ್ಲಿ ಅದು ಕೂತಿದೆ. ಚೈತ್ಯಕ್ಕೆ ದಾನ ಕೊಟ್ಟವರ ಹೆಸರುಗಳನ್ನು ಅಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಕೆತ್ತಿದ್ದಾರೆ. ಅವರಲ್ಲೊಬ್ಬ ವೈಜಯಂತಿಯ ಶೆಟ್ಟಿ ಭೂತಪಾಲ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಎಂದರೆ ಸುಮಾರು 1,900 ವರ್ಷಗಳ ಹಿಂದೆಯೇ ವರದಾ ತೀರದ ಊರೊಂದರ ವ್ಯಾಪಾರಿ ಈ ಘಾಟಿಯ ತಲೆಯ ಮೇಲೆ ತನ್ನ ಹೆಸರು ಬರೆಸಿಹೋಗಿದ್ದಾನೆ. ಹೊಟ್ಟೆಪಾಡಿಗೆ ಊರು ಬಿಟ್ಟು ಈ ಕಡೆ ಬಂದವರಲ್ಲಿ ನಾವು ಮೊದಲಿಗರಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ.

ಭೂತಪಾಲನ ಹೆಸರು ಉಳಿಯಿತು. ಆ ಕಾಲದ ಸರಕು ಹೊತ್ತ ಎತ್ತುಗಳನ್ನು ಹೊಡೆದುಕೊಂಡು ಹತ್ತಿದವರ ಹೆಸರು ಉಳಿಯಲಿಲ್ಲ. ಆದರೆ ದಾರಿ ಹುಡುಕಿದ್ದು ಅವರೇ. ಹೊರೆ ಹೊತ್ತ ಎತ್ತು ನೇರವಾಗಿ ಬೆಟ್ಟ ಹತ್ತುವುದಿಲ್ಲ. ಇಳಿಜಾರಿಗೆ ಅಡ್ಡಡ್ಡವಾಗಿ, ತನ್ನ ಉಸಿರಿಗೆ ಒಗ್ಗುವ ಏರನ್ನು ಹಿಡಿದು, ತಿರುಗಿ ತಿರುಗಿ ಹತ್ತುತ್ತದೆ. ಮಲೆನಾಡಿನಲ್ಲಿ ದನ ಮೇಯಿಸಿದವರಿಗೆ ಇದು ಗೊತ್ತು. ಗುಡ್ಡದ ಮೈಮೇಲೆ ದನಗಳ ಕಾಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಬಿದ್ದಿರುವ ಸಣ್ಣ ಜಾಡುಗಳನ್ನು ನೋಡಿದರೆ ಸಾಕು, ಸಮಾನ ಎತ್ತರದ ಗೆರೆಗಳನ್ನು ನೆಲದ ಮೇಲೇ ಯಾರೋ ಎಳೆದಿಟ್ಟಂತೆ ಕಾಣುತ್ತದೆ.

ಇದಕ್ಕೆ ಹೊಂದುವ ಒಂದು ಕತೆ ಬೋರ್ ಘಾಟಿನಲ್ಲೇ ಇದೆ. ಖೋಪೋಲಿಯಿಂದ ಖಂಡಾಲಕ್ಕೆ ಹತ್ತುವ ಹಳೆಯ ರಸ್ತೆಯಲ್ಲಿ ಶಿಂಗ್ರೋಬಾನ ಗುಡಿ ಸಿಗುತ್ತದೆ. ಟ್ರಕ್ಕಿನವರು ಅಲ್ಲಿ ವೇಗ ತಗ್ಗಿಸಿ ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. ಶಿಂಗ್ರೋಬಾ ಒಬ್ಬ ಧನಗರ, ನಮ್ಮ ಕಡೆಯ ಮಾತಿನಲ್ಲಿ ಕುರುಬ. ಘಾಟಿಗೆ ದಾರಿ ಕಾಣದೆ ಇಂಗ್ಲಿಷ್ ಎಂಜಿನಿಯರುಗಳು ಪರದಾಡುತ್ತಿದ್ದಾಗ ತನ್ನ ಮಂದೆ ಹತ್ತುವ ದಾರಿಯನ್ನು ಅವನು ತೋರಿಸಿಕೊಟ್ಟ, ಇನಾಮು ಏನು ಬೇಕು ಎಂದು ಕೇಳಿದಾಗ ನಮ್ಮ ನೆಲ ಬಿಟ್ಟು ಹೋಗಿ ಎಂದ, ಅದಕ್ಕೆ ಅವನನ್ನು ಗುಂಡಿಟ್ಟು ಕೊಂದರು ಎಂಬುದು ಜನ ಹೇಳುವ ಕತೆ. ಇದು ಜನಪದ. ಆ ಗುಂಡನ್ನು ಇತಿಹಾಸವೆಂದು ನಾನು ಬರೆಯುತ್ತಿಲ್ಲ. ಆದರೆ ಕುರಿ ಮೇಯಿಸುವವನಿಗೆ ಏರಿನ ಹದ ಎಂಜಿನಿಯರಿಗಿಂತ ಮೊದಲೇ ಗೊತ್ತಿತ್ತು ಎಂಬ ಭಾಗದಲ್ಲಿ ನಂಬದೇ ಇರುವಂಥದ್ದು ಏನೂ ಇಲ್ಲ.

ಕಡತದಲ್ಲಿರುವ ಇತಿಹಾಸ ಹೀಗಿದೆ. 1830ರಲ್ಲಿ ಮುಂಬಯಿಯ ಗವರ್ನರ್ ಜಾನ್ ಮಾಲ್ಕಮ್ ಕಾಲದಲ್ಲಿ ಗಾಡಿಗಳು ಹತ್ತಬಲ್ಲ ರಸ್ತೆ ತೆರೆಯಿತು. 1856ರಲ್ಲಿ ರೈಲ್ವೆ ಕೆಲಸ ಶುರುವಾಗಿ 1863ರಲ್ಲಿ ಮುಗಿಯಿತು. ಸುಮಾರು 16 ಮೈಲಿಯಲ್ಲಿ 1,831 ಅಡಿ ಏರಬೇಕಿತ್ತು. ಅತಿ ಕಡಿದಾದ ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. 25 ಸುರಂಗಗಳು. ಒಂದು ಕಡೆ ತಿರುಗಲು ಜಾಗವೇ ಇಲ್ಲದೆ, ರೈಲು ಮುಂದೆ ಹೋಗಿ ನಿಂತು, ಎಂಜಿನ್ನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು ಹಿಂದುಮುಂದಾಗಿ ಹತ್ತುವ ಏರ್ಪಾಡು ಮಾಡಿದ್ದರು. ಅದು 1929ರವರೆಗೂ ಇತ್ತು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಕೆಲಸವನ್ನು ಕೈಬಿಡದೆ ನಡೆಸಿದಳು. 1861ರಲ್ಲಿ ಈ ಘಾಟಿಯಲ್ಲಿ ಒಮ್ಮೆಗೇ ಸುಮಾರು 42,000 ಕೂಲಿಗಳು ಇದ್ದರು. ಕಾಲರಾ, ಜ್ವರ, ಬಂಡೆ ಸಿಡಿತ ಇವುಗಳಿಂದ ಸತ್ತವರು ಸಾವಿರಾರು ಮಂದಿ. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ, ಗುತ್ತಿಗೆದಾರ, ಅವನ ಹೆಂಡತಿ, ಎಲ್ಲರ ಹೆಸರೂ ನಮಗೆ ಗೊತ್ತು. 42,000 ಜನರಲ್ಲಿ ಒಬ್ಬನ ಹೆಸರು ಹೇಳಿ ಎಂದರೆ ತಡಕಾಡಬೇಕು.

1,831 ಅಡಿ ಎಂದರೆ ಸುಮಾರು 558 ಮೀಟರ್. ಸರ್ವೆ ಆಫ್ ಇಂಡಿಯಾದ ಈಗಿನ 1:50,000 ಅಳತೆಯ ನಕ್ಷೆಯಲ್ಲಿ 20 ಮೀಟರಿಗೊಂದು ಕಾಂಟೂರ್ ಗೆರೆ ಇರುತ್ತದೆ. ಲೆಕ್ಕ ಹಾಕಿದರೆ ತಪ್ಪಲಿನಿಂದ ನೆತ್ತಿಗೆ ಇಪ್ಪತ್ತೆಂಟು ಗೆರೆ. ಈ ಗೆರೆಗಳನ್ನೇ ನಾವು ಶಾಲೆಯ ಭೂಗೋಳದಲ್ಲಿ ಸಮೋನ್ನತಿ ರೇಖೆ ಎಂದು ಬಾಯಿಪಾಠ ಮಾಡಿ ಮರೆತದ್ದು.

ಮರೆತವರಿಗಾಗಿ ಒಂದೆರಡು ಮಾತು. ಒಂದು ಗೆರೆಯ ಮೇಲಿನ ಎಲ್ಲ ಜಾಗವೂ ಸಮುದ್ರಮಟ್ಟದಿಂದ ಒಂದೇ ಎತ್ತರ. ಆ ಗೆರೆಯ ಮೇಲೇ ನಡೆದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಬಯಲು. ಗೆರೆಗಳೆಲ್ಲ ಎತ್ತರದ ಕಡೆಗೆ ಮೂತಿ ಚಾಚಿದ್ದರೆ ಅಲ್ಲಿ ಹಳ್ಳ ಹರಿಯುತ್ತದೆ, ತಗ್ಗಿನ ಕಡೆಗೆ ಚಾಚಿದ್ದರೆ ಅದು ದಿಣ್ಣೆಯ ಬೆನ್ನು. ಬೋರ್ ಘಾಟಿನ ಹಾಳೆಯಲ್ಲಿ ಕೊಂಕಣದ ಕಡೆ ಬಿಳಿ ಜಾಗವೇ ಹೆಚ್ಚು. ಖೋಪೋಲಿಯ ಹಿಂದೆ ಗೆರೆಗಳು ಒಮ್ಮೆಲೇ ಒಂದರ ಮೇಲೊಂದು ಬಿದ್ದು ಕಂದು ಬಣ್ಣದ ಪಟ್ಟಿಯಂತೆ ಕಾಣುತ್ತವೆ. ಲೋನಾವಳ ದಾಟುತ್ತಲೇ ಮತ್ತೆ ಬಿಡಿಬಿಡಿ. ರಸ್ತೆ ಈ ಪಟ್ಟಿಯನ್ನು ನೇರವಾಗಿ ಕೊಯ್ಯುವುದಿಲ್ಲ. ಒಂದೊಂದೇ ಗೆರೆಯನ್ನು ಓರೆಯಾಗಿ ದಾಟುತ್ತ, ಎತ್ತು ನಡೆದ ಹಾಗೆಯೇ, ಹತ್ತುತ್ತದೆ.

ಈ ಗೆರೆ ಮೊದಲು ಹುಟ್ಟಿದ್ದು ಬೆಟ್ಟದಲ್ಲಲ್ಲ, ನೀರಿನಲ್ಲಿ. 1584ರಲ್ಲಿ ಹಾಲೆಂಡಿನ ಪೀಟರ್ ಬ್ರೌನ್ಸ್ ಎಂಬ ಸರ್ವೆಯವನು ಸ್ಪಾರ್ನ ನದಿಯಲ್ಲಿ ಒಂದೇ ಆಳವಿರುವ ಜಾಗಗಳನ್ನು ಗೆರೆಯಿಂದ ಸೇರಿಸಿದ. 1737ರಲ್ಲಿ ಫ್ರಾನ್ಸಿನ ಫಿಲಿಪ್ ಬುವಾಶ್ ಇಂಗ್ಲಿಷ್ ಕಾಲುವೆಯ ಆಳವನ್ನು ಹಾಗೆಯೇ ತೋರಿಸಿದ. ಹಡಗು ತಳ ತಾಗದಂತೆ ನಡೆಸುವವರಿಗೆ ಆಳ ಬೇಕಿತ್ತು, ಬೆಟ್ಟದ ಎತ್ತರ ಯಾರಿಗೂ ಅಷ್ಟು ತುರ್ತಾಗಿ ಬೇಕಿರಲಿಲ್ಲ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಗುರುತ್ವದಿಂದ ಭೂಮಿಯ ಸಾಂದ್ರತೆಯನ್ನು ತಿಳಿಯುವ ಒಂದು ಪ್ರಯೋಗ ನಡೆಯಿತು. ಅದಕ್ಕೆ ಬೆಟ್ಟದ ಗಾತ್ರ ಬೇಕಾಯಿತು. ಲೆಕ್ಕದ ಹೊಣೆ ಹೊತ್ತ ಚಾರ್ಲ್ಸ್ ಹಟ್ಟನ್‌ನ ಮುಂದೆ ಎತ್ತರದ ಅಂಕಿಗಳಿಂದ ತುಂಬಿಹೋದ ಕಾಗದವಿತ್ತು. ಒಂದೇ ಅಂಕಿ ಇರುವ ಚುಕ್ಕೆಗಳನ್ನು ಪೆನ್ಸಿಲಿನಿಂದ ಸೇರಿಸುತ್ತ ಹೋದ, ಬೆಟ್ಟದ ಆಕಾರ ಕಾಗದದ ಮೇಲೆ ಎದ್ದುಬಂತು.

ನಮ್ಮಲ್ಲಿ ಅಳತೆಯ ಕೆಲಸ ಬಿರುಸಾಗಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಕಾಲಿನ್ ಮೆಕೆಂಜಿ ಮೈಸೂರು ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಒಂದು ಅಡಿಗೆರೆ ಅಳೆದ, ಎರಡು ವರ್ಷದ ನಂತರ ಮದರಾಸಿನಿಂದ ಮಹಾ ತ್ರಿಕೋನ ಸರ್ವೆ ಆರಂಭಿಸಿದ. ಆದರೆ ಆ ಕಾಲದ ನಕ್ಷೆಗಳಲ್ಲಿ ಬೆಟ್ಟವೆಂದರೆ ಇಳಿಜಾರಿನ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರುಗಳು, ಕಂಬಳಿಹುಳದ ರೋಮದ ಹಾಗೆ. ಇಲ್ಲೊಂದು ಬೆಟ್ಟವಿದೆ ಎಂದು ಅವು ಹೇಳುತ್ತಿದ್ದವು, ಎಷ್ಟು ಎತ್ತರ ಎಂದು ಹೇಳುತ್ತಿರಲಿಲ್ಲ. 1905ರ ನಂತರ ಬಣ್ಣದ ಹೊಸ ನಕ್ಷೆಗಳ ಯೋಜನೆ ಬಂದಮೇಲೆ ಕಾಂಟೂರ್ ಗೆರೆ ದೇಶದುದ್ದಕ್ಕೂ ಹರಡಿತು. ಸರ್ವೆಯರ್ ಮೂರು ಕಾಲಿನ ಹಲಗೆಯ ಮೇಲೆ ಕಾಗದ ಹರಡಿ, ಕ್ಲಿನೋಮೀಟರಿನಲ್ಲಿ ಕೋನ ನೋಡಿ, ಅಲ್ಲೇ ಬೆಟ್ಟದ ಮುಂದೆ ನಿಂತು ಗೆರೆ ಎಳೆಯುತ್ತಿದ್ದ. ಹಲಗೆ, ಕೋಲು, ನೀರು ಎಲ್ಲವನ್ನೂ ಹೊತ್ತು ಮುಂದೆ ಹತ್ತುತ್ತಿದ್ದವನು ಖಲಾಸಿ. ಅವನ ಹೆಸರೂ ನಕ್ಷೆಯ ಅಂಚಿನಲ್ಲಿಲ್ಲ.

ಎತ್ತರ ಎಂದರೆ ಯಾವುದರಿಂದ ಎತ್ತರ? 1909ರಲ್ಲಿ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆ ಎಂದು ಹಿಡಿದು ದೇಶದ ಎತ್ತರಗಳನ್ನು ಹೊಂದಿಸಿದರು. ಆ ಒಂಬತ್ತರಲ್ಲಿ ಮುಂಬಯಿ ಒಂದು, ನಮ್ಮ ಕಾರವಾರ ಇನ್ನೊಂದು. ಖಂಡಾಲದ ಎತ್ತರದ ಅಂಕಿಯಲ್ಲಿ ಕಾರವಾರದ ಅಲೆಗಳ ಪಾಲೂ ಇದೆ.

ಇಷ್ಟು ಕಷ್ಟಪಟ್ಟು ಎಳೆದ ಗೆರೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಸ್ವಾತಂತ್ರ್ಯದ ನಂತರವೂ ಗಡಿ ಮತ್ತು ಕರಾವಳಿಗೆ ಹತ್ತಿರದ ಹಾಳೆಗಳಿಗೆ ರಕ್ಷಣೆಯ ಹೆಸರಿನಲ್ಲಿ ಬಿಗಿ ನಿರ್ಬಂಧ ಇತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ ಸಾರ್ವಜನಿಕರಿಗೊಂದು, ಸೈನ್ಯಕ್ಕೊಂದು ಎಂದು ಎರಡು ಸರಣಿ ಮಾಡಿದರು. 2021ರಲ್ಲಿ ಇನ್ನಷ್ಟು ಸಡಿಲವಾಯಿತು. ಈಗ ಮನೆಯಲ್ಲೇ ಕೂತು ಟೋಪೋಶೀಟ್ ಇಳಿಸಿಕೊಳ್ಳಬಹುದು. ಆದರೆ ಘಾಟಿಯನ್ನು ದಿನಾ ಹತ್ತಿ ಇಳಿಯುತ್ತಿದ್ದ ಮೂರು ತಲೆಮಾರಿನ ಡ್ರೈವರುಗಳು ಈ ಗೆರೆಗಳನ್ನು ಕಣ್ಣಿನಲ್ಲೂ ನೋಡಲಿಲ್ಲ. ಅವರಿಗೆ ಏರಿನ ಲೆಕ್ಕ ಕೊಟ್ಟಿದ್ದು ಅವರ ಗಾಡಿ.

ಮುಂಬಯಿಯಲ್ಲಿ ಆ ಗಾಡಿ ಎಂದರೆ ಫಿಯೆಟ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸಿತು. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್, ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಮೂರು, ಕಾರು ಹೆಚ್ಚುಕಡಿಮೆ ಒಂದೇ. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. 2000ದ ಸುಮಾರಿಗೆ ತಯಾರಿಕೆ ನಿಂತಿತು. ಕೊನೆಯ ಕಾಲಿ-ಪೀಲಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಪದ್ಮಿನಿ ಟ್ಯಾಕ್ಸಿ ಎನ್ನುವುದೇ ಮುಗಿಯಿತು.

ಈ ಕಾರಿಗೆ ಇಪ್ಪತ್ತೆಂಟು ಗೆರೆ ಎಂದರೆ ಏನು ಎಂದು ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಸೇರಿ ಕಾರಿನ ತೂಕ 1,250 ಕೆ.ಜಿ. ಎಂದಿಟ್ಟುಕೊಳ್ಳಿ. ಅದನ್ನು 558 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 68 ಲಕ್ಷ ಜೂಲ್. ಅಷ್ಟು ಶಕ್ತಿ 200 ಮಿಲಿಲೀಟರ್ ಪೆಟ್ರೋಲಿನಲ್ಲೇ ಇದೆ. ಆದರೆ ಆ ಕಾಲದ ಎಂಜಿನ್ ಪೆಟ್ರೋಲಿನ ನಾಲ್ಕನೇ ಒಂದು ಪಾಲನ್ನೂ ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ಕಾವು. ಒಂದಿಷ್ಟು ಸೈಲೆನ್ಸರಿನಲ್ಲಿ ಹೋಗುತ್ತದೆ, ಒಂದಿಷ್ಟನ್ನು ರೇಡಿಯೇಟರ್ ಹೊರಹಾಕಬೇಕು. ಏರಿನಲ್ಲಿ ಎರಡನೇ ಗೇರು, ವೇಗ ಕಮ್ಮಿ, ಎದುರುಗಾಳಿ ಕಮ್ಮಿ. ಕಾವು ಅತಿ ಹೆಚ್ಚು ಹುಟ್ಟುವ ಹೊತ್ತಿಗೇ ತಂಪು ಮಾಡುವ ಗಾಳಿ ಕೈಕೊಡುತ್ತದೆ. ಮೇಲಕ್ಕೆ ಹೋದಂತೆ ಗಾಳಿಯೂ ತೆಳು, 600 ಮೀಟರಿನಲ್ಲಿ ಶೇಕಡಾ 6ರಷ್ಟು. ಕಾರ್ಬುರೇಟರಿಗೆ ಇದು ತಿಳಿಯದೆ ಅದು ಪೆಟ್ರೋಲನ್ನು ತುಸು ಹೆಚ್ಚೇ ಸುರಿಯುತ್ತದೆ. ಘಾಟಿ ಹತ್ತುವಾಗ ಬಾನೆಟ್ ಎತ್ತಿಕೊಂಡು ಸಾಲಾಗಿ ನಿಂತಿರುತ್ತಿದ್ದ ಫಿಯೆಟ್‌ಗಳ, ಅಂಬಾಸಿಡರ್‌ಗಳ ಗುಟ್ಟು ಇಷ್ಟೇ.

ನಾನು ಪುಣೆಯಲ್ಲಿ ನಮ್ಮ ಸೊಸೈಟಿಯ ಹಿರಿಯರೊಬ್ಬರಿಂದ 1986ರ ಪದ್ಮಿನಿ ಕೊಂಡಿದ್ದೇನೆ. ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹಳೆಯ ರಸ್ತೆಯಲ್ಲಿ ಬೋರ್ ಘಾಟ್ ಹತ್ತಿಸಿದಾಗ ಎರಡು ಸಲವೂ ಕುದಿಯಿತು. ಊರ ಹೊರಗೆ ಶೆಡ್ ಇಟ್ಟುಕೊಂಡಿರುವ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ನಲವತ್ತು ವರ್ಷದಿಂದ ಇಲ್ಲಿದ್ದಾರೆ, ಎಲ್ಲರಿಗೂ ಕಾಕಾ. ಅವರು ಬಾನೆಟ್ ತೆಗೆಯುವ ಮೊದಲೇ ಕೇಳಿದರು:

"ಸಾಹೇಬ್ರ, ಗಾಡಿ ಎಲ್ಲಿ ಕುದೀತು ಅಂತ ಮೊದ್ಲ ಹೇಳ್ರಿ. ಯಾಕ ಕುದೀತು ಅಂತ ಆಮ್ಯಾಲೆ ನಾ ಹೇಳ್ತೀನಿ."

ಎಲ್ಲಿ ಎಂದು ನನಗೆ ಗೊತ್ತಿತ್ತು, ಫೋನಿನಲ್ಲಿದ್ದ ಟೋಪೋಶೀಟಿನಲ್ಲಿ ಗುರುತು ಹಾಕಿಕೊಂಡಿದ್ದೆ. ಖೋಪೋಲಿ ಬಿಟ್ಟು ಏಳನೇ ಗೆರೆ, ಎರಡು ಸಲವೂ ಅಲ್ಲೇ. ಗೆರೆಗಳನ್ನು ತೋರಿಸಿದೆ. ಅವರು ನಕ್ಷೆಯನ್ನು ದೂರ ಹಿಡಿದು ನೋಡಿ, "ಇದು ಗುಡಿಕಿಂತ ಕೆಳಗಾತಲ್ರೀ" ಎಂದರು. ಅವರ ನಕ್ಷೆಯಲ್ಲಿ ಶಿಂಗ್ರೋಬಾನ ಗುಡಿಯೇ ಗುರುತಿನ ಕಲ್ಲು.

ಆಮೇಲೆ ಅವರು ಹೇಳಿದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಏರು ಶುರುವಾದ ಸ್ವಲ್ಪದರಲ್ಲೇ ಕುದಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎಂಜಿನ್ ಮೇಲೆ ಹೊರೆ ಬಿದ್ದ ಕೂಡಲೇ ಸಿಲಿಂಡರಿನ ಬಿಸಿ ಅನಿಲ ನೀರಿಗೆ ನುಗ್ಗುತ್ತದೆ, ಅದಕ್ಕೆ ದೂರ ಬೇಕಿಲ್ಲ. ನೆತ್ತಿ ಹತ್ತಿರ ಬಂದಾಗ ನಿಧಾನಕ್ಕೆ ಕುದಿದರೆ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿದೆ. ಕಾವು ಒಂದೊಂದು ಗೆರೆಗೂ ಇಷ್ಟಿಷ್ಟೇ ಉಳಿದು ಕೊನೆಗೆ ತುಂಬಿಕೊಂಡಿದೆ. ಕುದಿಯದೆ, ಮೇಲೆ ಚಹಾಕ್ಕೆ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಪಂಪು ಕಾದು ಪೆಟ್ರೋಲು ಆವಿಯಾಗಿದೆ, ಒದ್ದೆ ಬಟ್ಟೆ ಹಾಕಿ ಕಾಯಬೇಕು. ಇಳಿಯುವಾಗ ಬ್ರೇಕು ಮೆತ್ತಗಾದರೆ ತಪ್ಪು ಬ್ರೇಕಿನದ್ದಲ್ಲ, ಗೇರಿನದ್ದು. ಹತ್ತಿದ ಗೇರಿನಲ್ಲೇ ಇಳಿಯಬೇಕು.

ಇದನ್ನು ಕೇಳಿದಾಗ ನನಗೆ ಹೊಳೆದದ್ದು: ಇವರ ಬಳಿ ಘಾಟಿಯ ಪೂರ್ತಿ ನಕ್ಷೆ ಇದೆ. ಗೆರೆಗಳ ಬದಲು ಕಾಯಿಲೆಗಳಿಂದ ಎಳೆದ ನಕ್ಷೆ. ನಲವತ್ತು ವರ್ಷ ಸಾವಿರಾರು ಡ್ರೈವರುಗಳು ಎಲ್ಲಿ ನಿಂತೆವು ಎಂದು ಹೇಳುತ್ತ ಹೋಗಿ ಇವರ ತಲೆಯಲ್ಲಿ ಎತ್ತರದ ಅಂಕಿಗಳನ್ನು ತುಂಬಿದ್ದಾರೆ.

ಹೆಡ್ ಬಿಚ್ಚಿದಾಗ ಅವರ ಮಾತು ನಿಜವಾಯಿತು. ಈ ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದ್ದು. ಹೆಚ್ಚು ಕಾದರೆ ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ. ಕಾಕಾ ಹೆಡ್ಡನ್ನು ಬೋರಲು ಹಾಕಿ ಒರೆಸಿ, ನೇರವಾದ ಉಕ್ಕಿನ ಪಟ್ಟಿಯನ್ನು ಅದರ ಮೇಲೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು, ಪಟ್ಟಿಯ ಕೆಳಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸುತ್ತ ಬಂದರು. ಎಲ್ಲಿ ಯಾವ ಎಲೆ ತೂರಿತೋ ಆ ಅಂಕಿಯನ್ನು ನಾನು ಚಾಕ್‌ಪೀಸಿನಲ್ಲಿ ಪಕ್ಕದಲ್ಲೇ ಬರೆದೆ. ಅಂಚಿನಲ್ಲಿ ಏನೂ ತೂರಲಿಲ್ಲ. ಒಳಗೆ ಬಂದಂತೆ 0.05 ಮಿ.ಮೀ., ಆಮೇಲೆ 0.10, ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ 0.15. ಒಂದೇ ಅಂಕಿ ಇರುವ ಕಡೆಗಳನ್ನು ಗೆರೆಯಿಂದ ಸೇರಿಸಿದಾಗ ಮೊಟ್ಟೆಯಾಕಾರದ ಸುತ್ತುಗಳು ಬಂದವು. ಹಟ್ಟನ್ ಪೆನ್ಸಿಲಿನಿಂದ ಮಾಡಿದ್ದು ಇದನ್ನೇ. ಅಲ್ಲಿ ಸೊನ್ನೆ ಸಮುದ್ರ, ಇಲ್ಲಿ ಸೊನ್ನೆ ಉಕ್ಕಿನ ಪಟ್ಟಿ. ಹೊರಗಿನ ಬೆಟ್ಟವನ್ನು ಪದೇ ಪದೇ ಹತ್ತಿ ಹತ್ತಿ ಲೋಹದ ಮೈಮೇಲೆ ಒಂದು ಸಣ್ಣ ಕಣಿವೆ ಬಿದ್ದಿತ್ತು.

ಮುಂದಿನದು ಸರಳ. ಮಷಿನ್ ಶಾಪಿನಲ್ಲಿ ಹೆಡ್ಡನ್ನು ಆ ಕಣಿವೆಯ ತಳ ಸಿಗುವಷ್ಟು ಸವರಿಸಿ ಸಮ ಮಾಡಿಸಿದೆವು. ಹೊಸ ಗ್ಯಾಸ್ಕೆಟ್ ಕೂರಿಸಿ ನಟ್ಟುಗಳನ್ನು ಬಿಗಿಯುವಾಗ ಕಾಕಾ ನಡುವಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ಹೊರಗೆ ಬಂದರು. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ. ಅಂಚಿನಿಂದ ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಟ್ಯಾಪೆಟ್ ಸರಿಮಾಡಿ, ಫ್ಯಾನ್ ಬೆಲ್ಟ್ ಎಳೆದು ನೋಡಿ, ನೀರು ತುಂಬಿಸಿದರು. ಮುಂದಿನ ಭಾನುವಾರ ಕಾರು ಇಪ್ಪತ್ತೆಂಟು ಗೆರೆಯನ್ನೂ ಒಂದೂ ನಿಲುಗಡೆಯಿಲ್ಲದೆ ಹತ್ತಿತು.

ಕಾಕಾಗೆ ಈಗ ಬರುವ ಕೆಲಸ ಹೆಚ್ಚಾಗಿ ಟೈರು, ಬ್ಯಾಟರಿ. ಮಗ ಕಂಪ್ಯೂಟರ್ ಹಚ್ಚಿ ದೋಷ ಹೇಳುವ ದೊಡ್ಡ ಸರ್ವೀಸ್ ಸೆಂಟರಿನಲ್ಲಿದ್ದಾನೆ. ಅದರಲ್ಲಿ ತಪ್ಪೇನಿಲ್ಲ, ಈಗಿನ ಗಾಡಿಗೆ ಅದೇ ಬೇಕು. ಆದರೆ ಗುಡಿಗಿಂತ ಕೆಳಗೆ ಕುದಿಯಿತೋ ಮೇಲೆ ಕುದಿಯಿತೋ ಎಂದು ಕೇಳುವ ಮನುಷ್ಯ ಇನ್ನು ಕೆಲವೇ ವರ್ಷ ಇರುತ್ತಾರೆ. ಲ್ಯಾಂಬ್ಟನ್ನನ ಅಳತೆಗಳು ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ, ಬ್ರೌನ್ಸ್‌ನ ಗೆರೆಯನ್ನು ಐದನೇ ಶತಮಾನದಲ್ಲೂ ನೆನೆಯುತ್ತೇವೆ. ಧನಗರನ ದಾರಿ ಕಡತಕ್ಕೆ ಬರದೆ ಕತೆಯಾಗಿ ಉಳಿಯಿತು, ಅದೂ ಡ್ರೈವರುಗಳು ನಾಣ್ಯ ಹಾಕುತ್ತ ಬಂದದ್ದರಿಂದ. ಮೆಕ್ಯಾನಿಕ್ಕುಗಳ ನಕ್ಷೆಗೆ ಗುಡಿಯೂ ಇಲ್ಲ, ಗ್ರಂಥಾಲಯವೂ ಇಲ್ಲ.

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ನಾವಿರುವ ಪ್ರತಿ ಊರಿನಲ್ಲೂ ಊರಿನ ಕಡೆಯಿಂದ ಬಂದು ಕೈ ಮಸಿ ಮಾಡಿಕೊಂಡ ಇಂಥವರು ಇದ್ದಾರೆ. ನಮ್ಮಲ್ಲಿ ಅರ್ಧದಷ್ಟು ಜನ ಎಂಜಿನಿಯರುಗಳು. ಒಂದು ಸಂಜೆ ಹೋಗಿ ಕೂತು, ಅವರ ಮಾತನ್ನು ಅವರದೇ ಕನ್ನಡದಲ್ಲಿ ಬರೆದುಕೊಳ್ಳುವುದು ನಮ್ಮಿಂದ ಆಗದ ಕೆಲಸವೇನಲ್ಲ. ನಾನು ಬೋರ್ ಘಾಟಿನ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಾಕಾನ ಶೆಡ್ಡಿನ ಗೋಡೆಗೆ ಅಂಟಿಸಿದ್ದೇನೆ. ಅವರು ಹೇಳಿದಂತೆ ಒಂದೊಂದು ಗೆರೆಯ ಪಕ್ಕ ಒಂದೊಂದು ಕಾಯಿಲೆಯ ಹೆಸರು ಬರೆಯುತ್ತಿದ್ದೇವೆ. ಸದ್ಯಕ್ಕೆ ಹತ್ತೊಂಬತ್ತನೇ ಗೆರೆಗೆ ಬಂದಿದ್ದೇವೆ.